ನಾನು ಎದ್ದರೆ ನಿಂತುಹೋಗುವ ಕಂಪ್ಯೂಟರ್

ಈ ಪ್ರಸಂಗ ನಾನು ಹೇಳುವ ಹಾಗೆಯೇ ನಡೆಯಿತು ಎಂದು ಪ್ರಮಾಣ ಮಾಡುವ ಧೈರ್ಯ ನನಗಿಲ್ಲ. ನನ್ನ ನೆನಪಿನ ಪ್ರಕಾರ ಇದು ಶುರುವಾದದ್ದು ಒಂದು ಸೋಮವಾರ. ನನ್ನ ಹೆಂಡತಿ ಮಾಲತಿಯ ಪ್ರಕಾರ ಗುರುವಾರ, ಏಕೆಂದರೆ ಅವತ್ತು ಅವಳು ಗಾಂಧಿಬಜಾರಿನಿಂದ ತಂದ ಹೂವನ್ನು ನಾನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಮರೆತು, ಸಂಜೆಯ ಹೊತ್ತಿಗೆ ಬಾಡಿಸಿಬಿಟ್ಟಿದ್ದೆನಂತೆ. ಹೂವಿನ ವಿಷಯ ನನಗೆ ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ನಡೆದಿಲ್ಲ ಎಂದು ವಾದಿಸುವುದನ್ನು ಈಚೆಗೆ ಬಿಟ್ಟಿದ್ದೇನೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವನು. 'ಕಣ್ಣಾರೆ ಕಂಡಿದೀನಿ ಸಾರ್' ಎನ್ನುವ ವಿದ್ಯಾರ್ಥಿಯನ್ನು 'ಕಂಡದ್ದು ಎಷ್ಟು ಸಲ, ಕಾಣದೆ ಹೋದದ್ದು ಎಷ್ಟು ಸಲ?' ಎಂದು ಕೇಳಿ ಕೂರಿಸುತ್ತಿದ್ದೆ. ನಿವೃತ್ತನಾದ ಮೇಲೆ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಯಾರೂ ಸಿಗದೆ ನನಗೆ ನಾನೇ ಕೇಳಿಕೊಳ್ಳಲು ಶುರುಮಾಡಿ, ಈಗ ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿದ್ದೇನೆ. ನನ್ನ ಸ್ನೇಹಿತ ಶ್ರೀಧರನ ಮದುವೆಯಲ್ಲಿ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸಿದ್ದು ನಾನೇ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೆ. ಒಂದು ದಿನ ಅವನೇ, "ಲೋ ರಾಘು, ನೀನು ನನ್ನ ಮದುವೆಗೆ ಬಂದೇ ಇಲ್ಲ. ಮೌಲ್ಯಮಾಪನ ಅಂತ ಧಾರವಾಡಕ್ಕೆ ಹೋಗಿದ್ದೆ" ಎಂದ. ಪನ್ನೀರುದಾನಿಯ ತಣ್ಣನೆಯ ಹಿಡಿ ಈಗಲೂ ನನ್ನ ಅಂಗೈಯಲ್ಲಿದೆ. ಇಂಥ ಅಂಗೈಯಿಂದ ಬರೆದದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ತಕರಾರಿಲ್ಲದ ಸಂಗತಿಗಳೂ ಕೆಲವಿವೆ. ಶಂಕರಪುರದ ನಮ್ಮ ಮನೆಯಲ್ಲಿ ನನ್ನ ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ, ನಮ್ಮ ಜೊತೆಗಿದ್ದಾರೆ. ನ್ಯಾಯವಾಗಿ ಹೇಳಬೇಕೆಂದರೆ ನಾವು ಅವರ ಜೊತೆಗಿದ್ದೇವೆ. ಮನೆ ಅವರದು, ಕಾಲೇಜು ಓದಲು ಬಂದ ನಾನು ಓದು ಮುಗಿಸಿ ಹೊರಡುವುದನ್ನು ಮರೆತು ಇಲ್ಲೇ ಉಳಿದವನು. ದೊಡ್ಡಮ್ಮ ಒಂದು ಕಾಲದಲ್ಲಿ ನಡುಮನೆಯಲ್ಲಿ ಚಾಪೆ ಹಾಸಿ ಸುತ್ತಲಿನ ಹೆಂಗಸರಿಗೆಲ್ಲ ದೇವರನಾಮ ಕಲಿಸುತ್ತಿದ್ದರು. ಹಾಡುಗಳು ಎಲ್ಲರಿಗೂ ಗೊತ್ತಿರುವಂಥವೇ, ಆದರೆ ಧಾಟಿ ಅವರ ಅಜ್ಜಿಯಿಂದ ಬಂದದ್ದು, ಬೇರೆ ಯಾರ ಬಾಯಲ್ಲೂ ಇಲ್ಲದ್ದು. ಈಗ ಅವರಿಗೆ ಎಂಬತ್ತು ದಾಟಿದೆ. ಉಸಿರು ಸಾಲದು. ಅದಕ್ಕಿಂತ ಹೆಚ್ಚಾಗಿ, ಒಂದು ಧಾಟಿಯಲ್ಲಿ ಎತ್ತಿಕೊಂಡ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಇನ್ನೊಂದು ಧಾಟಿಗೆ ಹೊರಳಿಕೊಳ್ಳುತ್ತದೆ, ಅವರಿಗೇ ಗೊತ್ತಾಗಿ ಸುಮ್ಮನಾಗುತ್ತಾರೆ. ಬೀದಿಯ ಮಹಿಳಾ ಮಂಡಳಿಯವರು ಈ ನವರಾತ್ರಿಗೆ ಅವರ ಧಾಟಿಯಲ್ಲೇ ಹಾಡಬೇಕೆಂದು ಹೊರಟು, ಎಲ್ಲಿ ಕಲಿಯುವುದೆಂದು ತಿಳಿಯದೆ ಕೂತಿದ್ದಾಗ ಹಳೆಯ ಶಿಷ್ಯೆಯೊಬ್ಬರ ಮನೆಯ ಅಟ್ಟದಲ್ಲಿ ಒಂದು ಚೀಲದ ತುಂಬ ಕ್ಯಾಸೆಟ್ಟುಗಳು ಸಿಕ್ಕಿದವು. ಆಕೆ ಆಗಿನ ಪಾಠಗಳನ್ನೆಲ್ಲ ಟೇಪ್‌ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ವೈಯಾಲಿಕಾವಲಿನಲ್ಲಿರುವ ಶ್ರೀಧರ ನೌಕರಿಯುದ್ದಕ್ಕೂ ಟೆಲಿಫೋನು, ಕಂಪ್ಯೂಟರುಗಳ ನಡುವೆ ಇದ್ದವನು. ಅವನೇ ಅವನ್ನೂ ನನ್ನ ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಹೋಗಿ, ಟೇಪುಗಳನ್ನು ಒಂದೊಂದಾಗಿ ಓಡಿಸಿ ನೇರವಾಗಿ ಆ ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟ. ಬೂಷ್ಟು ಹಿಡಿದ ಟೇಪು ಓಡುತ್ತ ಓಡುತ್ತಲೇ ಪುಡಿ ಉದುರಿಸಿತಂತೆ. ಮತ್ತೊಮ್ಮೆ ಓಡಿಸುವ ಮಾತೇ ಇಲ್ಲ.

ಹೀಗೆ ದೊಡ್ಡಮ್ಮನ ಅಷ್ಟೂ ಹಾಡು ನನ್ನ ಲ್ಯಾಪ್‌ಟಾಪೊಂದರಲ್ಲೇ ಉಳಿದ ವಾರವೇ ಅದು ಹಲ್ಲಿ ಲೊಚಗುಟ್ಟುವಂತೆ ಸದ್ದು ಮಾಡಲು ಶುರುಮಾಡಿತು. ಶ್ರೀಧರ ಬಂದು ಕಿವಿಯಿಟ್ಟು ಆಲಿಸಿ, ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುವ ಡಾಕ್ಟರಂತೆ ದನಿ ತಗ್ಗಿಸಿ, "ಡಿಸ್ಕ್ ಹೋಗ್ತಾ ಇದೆ ಗುರು. ಬೇಗ ಬೇರೆ ಕಡೆ ಇಳಿಸ್ಕೊಂಡ್ಬಿಡು. ಬಿಸಿಯಾಗೋಕೆ ಬಿಡ್ಬೇಡ, ಬೆಳಿಗ್ಗೆ ತಣ್ಣಗಿರುವಾಗ ಮಾಡು" ಎಂದ. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳು ಅದರಲ್ಲಿ ಯಾವಾಗಲೋ ಕೆಟ್ಟಿದ್ದವು. ಉಳಿದಿದ್ದ ದಾರಿ ಎಂದರೆ ಮನೆಯೊಳಗಿನ ನೆಟ್‌ವರ್ಕಿನ ಮೂಲಕ ಹಿಂದಿನ ಕೋಣೆಯಲ್ಲಿರುವ ನನ್ನ ಲಿನಕ್ಸ್ ಕಂಪ್ಯೂಟರಿಗೆ ಸಾಗಿಸುವುದು. ಲಿನಕ್ಸ್ ಏಕೆ ಎಂದರೆ, ಒಳಗೆ ಏನಿದೆಯೆಂದು ಮುಚ್ಚಿಟ್ಟ ತಂತ್ರಾಂಶವನ್ನು ನನ್ನಂಥವನು ನಂಬುವುದು ಹೇಗೆ? ಇದರಲ್ಲಾದರೆ ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದು. ನಾನು ಇದುವರೆಗೆ ಇಣುಕಿಲ್ಲ, ಇಣುಕಿದರೆ ಅರ್ಥವಾಗುವುದೂ ಇಲ್ಲ, ಆದರೆ ಇಣುಕಬಹುದು ಎಂಬುದೇ ಒಂದು ಸಮಾಧಾನ. ದೊಡ್ಡಮ್ಮನಿಗೆ ಇದಾವುದನ್ನೂ ಹೇಳಲಿಲ್ಲ. ಸಿಕ್ಕಿತು ಎಂದು ಹೇಳಿ, ಆಮೇಲೆ ಹೋಯಿತು ಎಂದು ಹೇಳುವಂತಾದರೆ ಎಂಬ ಭಯ.

ನಮ್ಮ ಮನೆಯ ಗೋಡೆಗಳು ಕೋಟೆಯ ದಪ್ಪ. ಮುಂದಿನ ಕೋಣೆಯಲ್ಲಿರುವ ರೂಟರಿನ ವೈಫೈ ನಡುಮನೆಯವರೆಗೆ ತೆವಳಿಕೊಂಡು ಬಂದು ಅಲ್ಲೇ ಪ್ರಾಣ ಬಿಡುತ್ತದೆ. ಆದ್ದರಿಂದ ಚಾಮರಾಜಪೇಟೆಯಿಂದ ಉದ್ದನೆಯ ನೀಲಿ ತಂತಿ ತಂದು, ರೂಟರಿನಿಂದ ಹಿಂದಿನ ಕೋಣೆಯವರೆಗೆ ಎಳೆದಿದ್ದೆ. ಗೋಡೆಗೆ ಮೊಳೆ ಹೊಡೆಯಲು ದೊಡ್ಡಮ್ಮ ಬಿಡಲಿಲ್ಲ. ನೆಲದ ಮೇಲೆ ಬಿಟ್ಟರೆ ಎಡವುತ್ತಾರೆ. ಕೊನೆಗೆ ನಡುಮನೆಯಲ್ಲಿ ಬಟ್ಟೆ ಒಣಹಾಕಲು ಸೂರಿನಿಂದ ಇಳಿಬಿಟ್ಟಿರುವ ಬಿದಿರಿನ ಗಳದ ಮೇಲೆ ಹಾಯಿಸಿದೆವು. ಈ ಉಪಾಯ ಹೇಳಿದ್ದು ದೊಡ್ಡಮ್ಮ ಎಂದು ನಾನು, ನಾನು ಎಂದು ದೊಡ್ಡಮ್ಮ. ಹಿಂದಿನ ಕೋಣೆಯ ತುದಿಯಲ್ಲಿ ತಂತಿಯನ್ನು ಕಚ್ಚಿಹಿಡಿಯುವ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಆದರೆ ಭದ್ರವಾಗಿ ಕೂತಿತ್ತು. ಯಾರೂ ಮುಟ್ಟದ ಮೇಲೆ ತಾನಾಗಿ ಏಕೆ ಕಳಚುತ್ತದೆ ಎಂದು ಬಿಟ್ಟಿದ್ದೆ.

ಶ್ರೀಧರ ಹಾಡುಗಳನ್ನೆಲ್ಲ ಒಂದೇ ದೊಡ್ಡ ಗಂಟು ಮಾಡಿಟ್ಟಿದ್ದ. ಕಾಯಿಲೆ ಬಿದ್ದ ಡಿಸ್ಕಿನಿಂದ ಅದು ಬಲು ನಿಧಾನವಾಗಿ ಹೊರಡುತ್ತಿತ್ತು. ಮೊದಲ ದಿನ ಆಜ್ಞೆ ಕೊಟ್ಟು, ಹೊರಟಿತಲ್ಲ ಎಂದು ಕಾಫಿ ಕುಡಿಯಲು ಹೋಗಿ ಬಂದರೆ 'ಸಂಪರ್ಕ ಕಡಿದಿದೆ' ಎಂಬ ಅರ್ಥದ ಸಾಲೊಂದು ಪರದೆಯ ಮೇಲೆ ಕೂತಿತ್ತು. ಹಿಂದಿನ ಕೋಣೆಗೆ ಓಡಿದೆ. ಕಂಪ್ಯೂಟರ್ ಚೆನ್ನಾಗಿಯೇ ಇದೆ, ತಂತಿ ಜಾಗದಲ್ಲೇ ಇದೆ, ಹಸಿರು ದೀಪ ಮಿಣುಕುತ್ತಿದೆ. ಮತ್ತೆ ಮೊದಲಿನಿಂದ ಶುರುಮಾಡಿದೆ, ಅರ್ಧ ತಲುಪುವಷ್ಟರಲ್ಲಿ ಡಿಸ್ಕು ಬಿಸಿಯೇರಿ ನಿಲ್ಲಿಸಬೇಕಾಯಿತು. ಮಾರನೆಯ ದಿನವೂ ಅದೇ ಕಥೆ. ನಿಂತಲ್ಲಿಂದ ಮುಂದುವರಿಸುವ ಆಜ್ಞೆಯೊಂದನ್ನು ಶ್ರೀಧರ ಹೇಳಿಕೊಟ್ಟ. ಅದು ಇದುವರೆಗೆ ಕಳಿಸಿದ್ದು ಸರಿಯಾಗಿದೆಯೇ ಎಂದು ಮೊದಲಿನಿಂದ ಓದಿ ನೋಡಲು ಹೊರಟಿತು, ಡಿಸ್ಕು ಲೊಚಗುಟ್ಟುವುದು ಜೋರಾಗಿ ನಾನೇ ಹೆದರಿ ನಿಲ್ಲಿಸಿದೆ. ಪ್ರತಿ ಸಲವೂ ಆ ಡಿಸ್ಕಿನ ಆಯುಷ್ಯದಲ್ಲಿ ಒಂದಿಷ್ಟು ಸವೆಯುತ್ತಿದೆ ಎಂಬುದು ಗೊತ್ತಿತ್ತು.

ಶ್ರೀಧರನ ಬಳಿ ಔಷಧಗಳಿಗೆ ಕೊರತೆಯಿರಲಿಲ್ಲ. "ನಿನ್ ಲಿನಕ್ಸು ನಿದ್ದೆ ಹೋಗ್ತಿರ್ಬೇಕು, ವಿದ್ಯುತ್ ಉಳಿಸೋ ಸೆಟ್ಟಿಂಗ್ ತೆಗಿ" ಎಂದ. ತೆಗೆದೆ. "ಎರಡೂ ಕಂಪ್ಯೂಟರುಗಳು ತುಂಬಾ ಹೊತ್ತು ಮಾತಾಡ್ದೆ ಇದ್ರೆ ಆ ಕಡೆಯೋರು ಹೋದ್ರೇನೋ ಅನ್ಕೊಂಡು ಬಾಗ್ಲು ಹಾಕ್ಕೊತವೆ. ಆಗಾಗ 'ಇದೀಯಾ' ಅಂತ ಕೇಳೋ ಹಾಗೆ ಮಾಡು, ಅದು 'ಇದೀನಿ' ಅನ್ನುತ್ತೆ" ಎಂದ. ಮಾಡಿದೆ. ಅದನ್ನು ಕೇಳಿಸಿಕೊಂಡ ಮಾಲತಿ, ಈ ಸೆಟ್ಟಿಂಗ್ ಗಂಡಸರಿಗೂ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದಳು. ಲಿನಕ್ಸು ತನ್ನ ಪಾಡಿಗೆ 'ಕೊಂಡಿ ಕಳಚಿತು, ಕೊಂಡಿ ಕೂಡಿತು' ಎಂದು ಬರೆದುಕೊಳ್ಳುತ್ತಿತ್ತೇ ಹೊರತು ಕಳಚಿದ್ದೇಕೆ ಎಂದು ಬಾಯಿಬಿಡುತ್ತಿರಲಿಲ್ಲ. ಅಟ್ಟದ ಇಲಿಯ ಮೇಲೆ ಅನುಮಾನಪಟ್ಟೆ. ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಪಟ್ಟೆ. ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದರೆ ಅತ್ಯಂತ ವಿನಯದ ಹುಡುಗಿಯೊಬ್ಬಳು ರೂಟರನ್ನು ಆಫ್ ಮಾಡಿ ಆನ್ ಮಾಡಲು ಹೇಳಿದಳು. ಈ ಹಾಡುಗಳು ನಮ್ಮ ಹೊಸಿಲು ದಾಟಿ ಹೊರಗೆ ಹೋಗುತ್ತಲೇ ಇಲ್ಲಮ್ಮ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಬೇಕು ಅಷ್ಟೇ ಎಂದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಎರಡು ಸಲ ಆಫ್ ಮಾಡಿ ಎಂದಳು.

ಇಷ್ಟಾಗುವ ಹೊತ್ತಿಗೆ ನನ್ನ ಗಮನಕ್ಕೆ ಒಂದು ವಿಚಿತ್ರ ಬಂದಿತ್ತು. ಹೇಳಲು ಸಂಕೋಚವಾಗುತ್ತದೆ. ನಾನು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಈ ಕಡೆ ಮುಂದಿನ ಕೋಣೆಯ ಲ್ಯಾಪ್‌ಟಾಪಿನ ಪರದೆ, ಆ ಕಡೆ ಹಿಂದಿನ ಕೋಣೆಯ ಹಸಿರು ದೀಪ ಎರಡೂ ಕಾಣುತ್ತವೆ. ಹಾಗೆ ಕೂತು ಕಾಯುವಷ್ಟು ಹೊತ್ತೂ ಹಾಡುಗಳು ಸಲೀಸಾಗಿ ಹೋಗುತ್ತಿದ್ದವು. ಎದ್ದು ಸ್ನಾನಕ್ಕೋ ಪೇಪರಿಗೋ ಹೋದರೆ ಕಡಿಯುತ್ತಿತ್ತು. ಕಾಕತಾಳೀಯ ಎಂದು ತಳ್ಳಿಹಾಕಿದೆ. ನನ್ನ ನೆನಪೇ ಬೇಕಾದ ದಿನಗಳನ್ನು ಆರಿಸಿಕೊಂಡು ಬೇಡವಾದವನ್ನು ಬಿಟ್ಟಿರಬಹುದು ಎಂದು ಅದನ್ನೂ ಅನುಮಾನಿಸಿದೆ. ಕೊನೆಗೆ, ಕಲಿಸಿದ ವಿದ್ಯೆಗೆ ಮರ್ಯಾದೆ ಕೊಟ್ಟು, ಪ್ರತಿ ಬೆಳಿಗ್ಗೆ ನಾಣ್ಯ ಚಿಮ್ಮಿ ಕೂರುವುದೋ ಬಿಡುವುದೋ ನಿರ್ಧರಿಸಲು ಶುರುಮಾಡಿದೆ. ನನ್ನ ಇಷ್ಟಾನಿಷ್ಟಗಳಿಗೆ ಇಲ್ಲಿ ಎಡೆಯೇ ಇಲ್ಲ. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಕೂತ ದಿನ ಹೋಗುತ್ತದೆ, ಕೂರದ ದಿನ ಕಡಿಯುತ್ತದೆ. ಮೂಢನಂಬಿಕೆಯ ವಿರುದ್ಧ ನಾನು ಜೀವಮಾನವಿಡೀ ಹಿಡಿದು ತಿರುಗಿದ ಆಯುಧವೇ ಹೀಗೆ ನನ್ನ ಕಡೆಗೆ ತಿರುಗಿ ನಿಂತದ್ದನ್ನು ಶ್ರೀಧರನಿಗೆ ಫೋನಿನಲ್ಲಿ ತೋಡಿಕೊಂಡೆ.

"ಎದುರಿಗೆ ಕೂತ್ರೆ ಮಾತ್ರ ಕೆಲ್ಸ ಮಾಡುತ್ತಾ?" ಎಂದ ಅವನು. "ಏನೋ ಅದು, ಕಂಪ್ಯೂಟರಾ, ತಾಲ್ಲೂಕಾಫೀಸಾ?"

ಕೂತ ದಿನಗಳಲ್ಲೂ ಕೆಲಸ ಪೂರ್ತಿ ಆಗುತ್ತಿರಲಿಲ್ಲ ಎಂಬುದು ಇನ್ನೊಂದು ತೊಂದರೆ. ಮಧ್ಯಾಹ್ನದ ಹೊತ್ತಿಗೆ ಡಿಸ್ಕು ಬಿಸಿಯಾಗುತ್ತಿತ್ತು, ನನಗೆ ಹಸಿವಾಗುತ್ತಿತ್ತು. ಯಾಕೋ ಆ ದಿನಗಳಲ್ಲೇ ಮನೆಯಲ್ಲಿ ಊಟ ತಡವಾಗುತ್ತಿತ್ತು. ನಮ್ಮಲ್ಲಿ ದೊಡ್ಡಮ್ಮನ ಪೂಜೆಯಾಗಿ ನೈವೇದ್ಯವಾದ ಮೇಲೆಯೇ ಎಲೆ ಹಾಕುವುದು. ಮಾಲತಿ ಅಡಿಗೆ ಮುಗಿಸಿ ಕಾದು ಕೂತಿರುತ್ತಿದ್ದಳು. "ಈ ನಡುವೆ ದೊಡ್ಡಮ್ಮ ಒಂದೊಂದಿನ ಸ್ನಾನಕ್ಕೇ ಏಳಲ್ಲ ಕಣ್ರೀ. ರೂಮಲ್ಲಿ ಜಪಮಣಿ ಹಿಡ್ಕೊಂಡು ಕೂತ್ಬಿಟ್ಟಿರ್ತಾರೆ. ಕೇಳಿದ್ರೆ, ಆಗ್ಲಿ ತಾಳೇ ಅಂತಾರೆ. ಸುಸ್ತೋ ಏನೋ, ಒಂದ್ಸಲ ಡಾಕ್ಟರಿಗೆ ತೋರ್ಸೋಣ" ಎಂದಳು. ವಯಸ್ಸಾಯಿತಲ್ಲ ಎಂದು ನಾನೂ ತಲೆದೂಗಿದೆ. ಎರಡು ಘಟನೆಗಳು ಒಟ್ಟೊಟ್ಟಿಗೆ ಏರಿಳಿದರೆ ನಡುವೆ ಸಂಬಂಧವಿದೆಯೇ ನೋಡಬೇಕೆಂದು ವರ್ಷವರ್ಷವೂ ಪಾಠ ಮಾಡಿದ ತಲೆ ಅದು.

ನವರಾತ್ರಿ ಹತ್ತಿರವಾಗುತ್ತಿತ್ತು, ಲ್ಯಾಪ್‌ಟಾಪಿನ ಹಲ್ಲಿಗೆ ಈಗ ಎರಡನೇ ಹಲ್ಲಿ ಜೊತೆಯಾಗಿತ್ತು. ಇನ್ನು ಪ್ರಯೋಗ ಸಾಕು, ಕಾರಣ ಏನೇ ಇರಲಿ, ಕೂತರೆ ಹೋಗುತ್ತದೆ ತಾನೆ, ಗಂಟು ಪೂರ್ತಿ ಸೇರುವವರೆಗೆ ಏಳುವುದೇ ಇಲ್ಲ ಎಂದು ತೀರ್ಮಾನಿಸಿದೆ. ಟೇಬಲ್ ಫ್ಯಾನನ್ನು ಲ್ಯಾಪ್‌ಟಾಪಿಗೆ ತಿರುಗಿಸಿ, ಹಾಸಿಗೆಯಿಂದ ಎದ್ದ ಪಂಚೆಯಲ್ಲೇ ಬಂದು ಕುರ್ಚಿ ಹಿಡಿದೆ. ಮಾಲತಿ ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು. ತಿಂಡಿಯನ್ನೂ ತಂದುಕೊಟ್ಟು, "ಪ್ರದಕ್ಷಿಣೆ ಬೇಕಾದ್ರೆ ಹೇಳಿ" ಎಂದಳು. ಹಾಡುಗಳು ಅರ್ಧ ದಾಟಿದವು. ಮುಕ್ಕಾಲಿನ ಹತ್ತಿರ ಬಂದವು. ಆಗ ದೊಡ್ಡಮ್ಮ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಇನ್ನೂ ಎಷ್ಟೊತ್ತು ಕೂತಿರ್ತೀಯೋ ಅಲ್ಲಿ?"

"ಸ್ವಲ್ಪ ಹೊತ್ತು ದೊಡ್ಡಮ್ಮ. ನಿಮಗೇನು ಬೇಕು ಹೇಳಿ, ಮಾಲತಿ ತಂದ್ಕೊಡ್ತಾಳೆ."

"ನೀನು ಏಳೋದು ಬೇಕು. ತಂದ್ಕೊಡ್ತಾಳಾ?"

"ಏಳೋ ಹಾಗಿಲ್ಲ. ನಾನು ಎದ್ರೆ ಕಂಪ್ಯೂಟರ್ ನಿಂತ್ಹೋಗುತ್ತೆ."

ದೊಡ್ಡಮ್ಮ ನನ್ನನ್ನು ಒಂದು ಸಲ ನೋಡಿ ಅಡಿಗೆಮನೆಯ ಕಡೆಗೆ ತಿರುಗಿದರು. "ಮಾಲತಿ, ಇವನಿಗೆ ಜ್ವರ ಇದೆಯಾ ನೋಡಮ್ಮ."

"ಜ್ವರ ಅಲ್ಲ ದೊಡ್ಡಮ್ಮ, ಸಂಖ್ಯಾಶಾಸ್ತ್ರ" ಎಂದಳು ಮಾಲತಿ ಒಳಗಿನಿಂದಲೇ.

"ಏನಾದ್ರೂ ಇರ್ಲಿ, ಎದ್ದು ಇರ್ಲಿ. ನೀನು ಸ್ನಾನ ಇಲ್ದೆ ಗಳದ ಕೆಳಗೇ ಕೂತ್ರೆ ನಾನು ಮಡಿ ಸೀರೆ ತೆಗ್ಯೋದು ಹೇಗೋ? ಜಾರಿ ನಿನ್ನ ಮೈಮೇಲೆ ಬಿದ್ರೆ ಒಗೆದು ಹಾಕಿದ್ದೆಲ್ಲ ದಂಡ. ಸೀರೆ ಇಲ್ದೆ ಸ್ನಾನಕ್ಕೆ ಹೋಗಿ ಏನ್ಮಾಡ್ಲಿ?"

ನಾನು ತಲೆಯೆತ್ತಿ ನೋಡಿದೆ. ಹಿಂದಿನ ದಿನ ಒಗೆದ ದೊಡ್ಡಮ್ಮನ ಸೀರೆ, ಯಾರ ಕೈಯೂ ತಾಕದಂತೆ ಕೋಲಿನಿಂದ ಏರಿಸಿದ್ದು, ಗಳದ ಮೇಲೆ ನೀಟಾಗಿ ಹರಡಿಕೊಂಡಿತ್ತು. ಅದರ ಮಡಿಕೆಗಳ ನಡುವೆ ಹೊಕ್ಕು ಆ ಕಡೆ ಹೊರಬಂದು, ಹಿಂದಿನ ಕೋಣೆಯ ಬಾಗಿಲ ಕಡೆಗೆ ನನ್ನ ನೀಲಿ ತಂತಿ ಹೊರಟಿತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆನೋ, ನೋಡಿದ್ದೇ ಅವತ್ತೋ, ಹೇಳಲಾರೆ.

"ಬೇರೆ ದಿನ ಏನ್ಮಾಡ್ತಿದ್ರಿ ದೊಡ್ಡಮ್ಮ?"

"ಇನ್ನೇನು ಮಾಡ್ಲಿ, ನೀನು ಯಾವಾಗ ಏಳ್ತೀಯ ಅಂತ ಕಾಯ್ತಿದ್ದೆ. ಎದ್ದ ತಕ್ಷಣ ಸ್ನಾನ ಮಾಡಿ ಬಂದು ಕೋಲಲ್ಲಿ ಎಳ್ಕೋತಿದ್ದೆ."

"ಆ ನೀಲಿ ತಂತಿ?"

"ಅದೂ ಸೀರೆ ಜೊತೆ ಜಗ್ಗಿಕೊಂಡು ಬರೋದು. ಕೋಲಲ್ಲೇ ಮೇಲಕ್ಕೆ ತಳ್ಳಿ ಮೊದ್ಲು ಹೇಗಿತ್ತೋ ಹಾಗೇ ಇಟ್ಬಿಡ್ತಿದ್ದೆ. ಕೈಯಲ್ಲಿ ಮುಟ್ಟಿಲ್ಲ ಕಣೋ, ಕೆಟ್ಟಿದ್ರೆ ನನ್ನನ್ನ ಕೇಳ್ಬೇಡ."

ಸೀರೆ ಜಗ್ಗಿದಾಗ ಆ ತುದಿಯಲ್ಲಿ ನಾಲಿಗೆ ಮುರಿದ ಕೊಂಡಿ ಕೂದಲೆಳೆಯಷ್ಟು ಹೊರಬರುತ್ತಿತ್ತು. ತಂತಿಯನ್ನು ಮೇಲೆ ತಳ್ಳಿ ಸಡಿಲ ಬಿಟ್ಟಾಗ ತನ್ನ ಜಾಗಕ್ಕೆ ಮರಳುತ್ತಿತ್ತು. ನಾನು ಓಡಿ ಬರುವಷ್ಟರಲ್ಲಿ ಎಲ್ಲವೂ ಅಚ್ಚುಕಟ್ಟು. ಇದರಲ್ಲಿ ನನಗೆ ಒಂದೇ ಒಂದು ಹೆಮ್ಮೆಯಿದೆ. ನನ್ನ ನಾಣ್ಯದ ಪ್ರಯೋಗ ತಪ್ಪಾಗಿರಲಿಲ್ಲ. ನಾನು ಅಲ್ಲಿ ಕೂರುವುದಕ್ಕೂ ಸಂಪರ್ಕ ಉಳಿಯುವುದಕ್ಕೂ ಖಂಡಿತ ಸಂಬಂಧವಿತ್ತು. ಅದು ನನ್ನ ದೃಷ್ಟಿಯ ಶಕ್ತಿಯಲ್ಲ, ಮೈಲಿಗೆಯ ಶಕ್ತಿ.

ಇದನ್ನೆಲ್ಲ ವಿವರಿಸಿ, ಇವತ್ತೊಂದು ದಿನ ಪೂಜೆ ಸಂಜೆಗೆ ಇಟ್ಟುಕೊಳ್ಳಿ ಎಂದು ಕೇಳಿದೆ. ಡಿಸ್ಕು ಇನ್ನೊಂದು ಸಲ ಮೊದಲಿನಿಂದ ಓದಲು ಉಳಿದಿರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

"ಅಂಥದ್ದೇನೋ ಇದೆ ಅದರೊಳಗೆ?" ಎಂದರು ದೊಡ್ಡಮ್ಮ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಿಮ್ಮ ಹಾಡು. ನೀವು ಇಲ್ಲಿ ಪಾಠ ಹೇಳಿದ್ದು, ಎಲ್ಲ. ಬೇರೆ ಎಲ್ಲೂ ಇಲ್ಲ" ಎಂದೆ.

ಅವರು ಬಹಳ ಹೊತ್ತು ಲ್ಯಾಪ್‌ಟಾಪನ್ನೇ ನೋಡಿದರು. ಅದು ಲೊಚಗುಟ್ಟಿತು. "ನನ್ನ ಹಾಡು ಉಳಿಸೋಕೆ ನನ್ನ ಪೂಜೆ ನಿಲ್ಲಿಸ್ದೆಯಾ? ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು, ಮಾಲತಿಯನ್ನು ಕರೆದರು. "ಬೀರುವಿನ ಮೇಲಿನ ಅರೇಲಿ ಪಟ್ಟೆ ಸೀರೆ ಇದೆ, ಅದರ ಬೀಗದ ಕೈ ತಗೊಳಮ್ಮ. ಇವತ್ತು ಅದನ್ನೇ ಉಟ್ಕೊಂಡು ಪೂಜೆ ಮಾಡ್ತೀನಿ. ರೇಷ್ಮೆಗೆ ಮೈಲಿಗೆ ಇಲ್ಲ." ಗಳದ ಸೀರೆ ಅಲ್ಲೇ ಉಳಿಯಿತು. ದೊಡ್ಡಮ್ಮ ಸಾಮಾನ್ಯ ದಿನದಲ್ಲಿ ಮದುವೆಮನೆಯ ಹಾಗೆ ರೇಷ್ಮೆಯುಟ್ಟು ಪೂಜೆಗೆ ಕೂತರು. ಗಂಟೆ ಬಾರಿಸುವಾಗ ಮಾತ್ರ ಎಂದಿಗಿಂತ ಮೆಲ್ಲಗೆ ಬಾರಿಸಿದರು, ಅದರ ಸದ್ದಿಗೂ ಏನಾದರೂ ಕಡಿದೀತೋ ಎಂಬಂತೆ. ನೈವೇದ್ಯವಾಗುವ ಹೊತ್ತಿಗೆ ಕೊನೆಯ ಹಾಡೂ ಹಿಂದಿನ ಕೋಣೆ ಸೇರಿತು. ನಾನು ಎದ್ದು ಸ್ನಾನ ಮಾಡಿ ಬಂದೆ.

ಊಟಕ್ಕೆ ಬಡಿಸುತ್ತ ಮಾಲತಿ, "ಒಂದು ಕೇಳ್ಲಾ, ಬೇಜಾರು ಮಾಡ್ಕೋಬೇಡಿ. ಆ ಲ್ಯಾಪ್‌ಟಾಪನ್ನ ಆಫ್ ಮಾಡಿ ಎತ್ಕೊಂಡ್ಹೋಗಿ ಹಿಂದಿನ ರೂಮಲ್ಲಿ ಕಂಪ್ಯೂಟರ್ ಪಕ್ಕಾನೇ ಇಟ್ಟು, ಮೊಳದುದ್ದ ತಂತಿ ಹಾಕಿದ್ರೆ ಆಗ್ತಿರ್ಲಿಲ್ವಾ?" ಎಂದಳು. ಆಗುತ್ತಿತ್ತು. ಸಂಜೆ ಶ್ರೀಧರನಿಗೂ ಇದನ್ನೇ ಕೇಳಿದೆ. ಅವನು, ಬೇರೆ ಯಾರೋ ಫೋನ್ ಮಾಡುತ್ತಿದ್ದಾರೆ ಎಂದು ಇಟ್ಟುಬಿಟ್ಟ.

ಈಗ ಮಂಡಳಿಯವರು ಸಂಜೆ ನಮ್ಮ ನಡುಮನೆಗೇ ಬಂದು ಆ ಪಾಠಗಳನ್ನು ಕೇಳಿ ಕಲಿಯುತ್ತಿದ್ದಾರೆ. ದೊಡ್ಡಮ್ಮ ಕಣ್ಣು ಮುಚ್ಚಿ ತಮ್ಮ ದನಿಗೆ ತಾವೇ ತೊಡೆಯ ಮೇಲೆ ತಾಳ ಹಾಕುತ್ತಾರೆ, ಧಾಟಿ ಸಿಕ್ಕಿದ ಕಡೆ ಕತ್ತು ಆಡಿಸುತ್ತಾರೆ. ಮೊನ್ನೆ ಒಂದು ಹಾಡು ಚರಣದ ನಡುವೆ ತಟ್ಟನೆ ನಿಂತಿತು. ಸಾಗಿಸುವಾಗ ಅಲ್ಲೊಂದು ತುಂಡು ಉದುರಿತೇ ಎಂದು ನನಗೆ ಅನುಮಾನ ಬಂತು. ಲ್ಯಾಪ್‌ಟಾಪು ಇನ್ನೂ ಅಷ್ಟಿಷ್ಟು ಉಸಿರಾಡುತ್ತಿತ್ತು. ಎರಡೂ ಕಡೆಯ ಫೈಲುಗಳನ್ನು ಹೋಲಿಸಿದೆ, ಒಂದಕ್ಷರ ವ್ಯತ್ಯಾಸವಿಲ್ಲ. ಹಾಡು ನಿಂತಿದ್ದು ಮೂಲದಲ್ಲೇ. ಹಾಗೇ ಮುಂದೆ ಓಡಲು ಬಿಟ್ಟಾಗ ಎಳೆಯ ಗಂಡುದನಿಯೊಂದು ಕೇಳಿಸಿತು: "ದೊಡ್ಡಮ್ಮ, ನಿನ್ನೆ ಈ ಸಾಲನ್ನ ಬೇರೆ ಥರ ಹಾಡಿದ್ರಿ." ಆಮೇಲೆ ಆ ಕಾಲದ ದೊಡ್ಡಮ್ಮನ ದನಿ: "ರಾಘು, ಸ್ನಾನ ಆಯ್ತೇನೋ ನಿಂದು? ಇಲ್ಲ ಅಲ್ವಾ. ನಡಿ ಹೊರಗೆ." ಹೆಂಗಸರೆಲ್ಲ ನಗುವುದು ಕೇಳಿಸಿತು, ಆಗಿನವರೂ ಈಗಿನವರೂ.

ಹೀಗೊಂದು ನಡೆದದ್ದು ನನಗೆ ಸ್ವಲ್ಪವೂ ನೆನಪಿಲ್ಲ. ಆದರೆ ಆ ಶಿಷ್ಯೆ ಪ್ರತಿ ಪಾಠದ ಮೊದಲು ತಾರೀಕನ್ನು ಗಟ್ಟಿಯಾಗಿ ಹೇಳಿ ರೆಕಾರ್ಡು ಮಾಡಿದ್ದರಿಂದ, ಹಿಂದಿನ ದಿನದ ಪಾಠವನ್ನು ಹುಡುಕಿ ತೆಗೆಯುವುದು ಕಷ್ಟವಾಗಲಿಲ್ಲ. ಎಲ್ಲರೂ ಹೋದ ಮೇಲೆ ಆ ಸಾಲನ್ನು ಎರಡೂ ಫೈಲುಗಳಲ್ಲಿ ಮತ್ತೆ ಮತ್ತೆ ಕೇಳಿ ಹೋಲಿಸಿದೆ. ಎರಡು ದಿನವೂ ದೊಡ್ಡಮ್ಮ ಅದನ್ನು ಒಂದೇ ಥರ ಹಾಡಿದ್ದಾರೆ.